ಅವರು ಮನೇಲಿಲ್ಲ

ಮೊನ್ನೆ ಭಾನುವಾರ ಮಧ್ಯಾಹ್ನ ಮಗ ಒಂದು ಹಳೇ ಕೌಬಾಯ್ ಸಿನಿಮಾ ಹಾಕಿದ. ನನಗೆ ಕೌಬಾಯ್ ಅಂದ್ರೆ ಕುದುರೆ, ಧೂಳು, ಢಂ ಢಂ ಅಷ್ಟೇ. ಆ ಥರದ್ದನ್ನ ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯಲ್ಲೇ ಬೇಕಾದಷ್ಟು ನೋಡಿದ್ದೀನಿ. ಬಟಾಣಿ ಬಿಡಿಸ್ತಾ ಸುಮ್ಮನೆ ಕೂತೆ. ಅರ್ಧ ಗಂಟೆ ಕಳೆಯೋಷ್ಟರಲ್ಲಿ ಬಟಾಣಿ ಮರೆತೇ ಹೋಗಿತ್ತು.

ಸಿನಿಮಾ ಹೆಸರು ‘ಹೈ ನೂನ್’. 1952ರದ್ದು, ಕಪ್ಪು ಬಿಳುಪು. ನಿರ್ದೇಶಕ ಫ್ರೆಡ್ ಜಿನ್ನೆಮನ್. ಹ್ಯಾಡ್ಲಿವಿಲ್ ಅನ್ನೋ ಪುಟ್ಟ ಊರಿನ ಮಾರ್ಷಲ್, ಅಂದ್ರೆ ಆ ಊರಿನ ಪೊಲೀಸ್ ಅಧಿಕಾರಿ, ವಿಲ್ ಕೇನ್. ಆ ಪಾತ್ರದಲ್ಲಿ ಗ್ಯಾರಿ ಕೂಪರ್. ಅವತ್ತು ಬೆಳಗ್ಗೆ ತಾನೇ ಅವನ ಮದುವೆ ಆಗಿದೆ. ಕೆಲಸ ಬಿಟ್ಟು ಹೆಂಡತಿ ಜೊತೆ ಬೇರೆ ಊರಿಗೆ ಹೊರಟಿದ್ದಾನೆ. ಅಷ್ಟರಲ್ಲಿ ಸುದ್ದಿ ಬರುತ್ತೆ: ಇವನೇ ಹಿಡಿದು ಜೈಲಿಗೆ ಕಳಿಸಿದ್ದ ಫ್ರ್ಯಾಂಕ್ ಮಿಲ್ಲರ್ ಬಿಡುಗಡೆ ಆಗಿ ಮಧ್ಯಾಹ್ನ 12ರ ರೈಲಿಗೆ ಬರ್ತಿದ್ದಾನೆ. ಅವನ ಮೂರು ಜನ ಸಂಗಡಿಗರು ಆಗಲೇ ಸ್ಟೇಷನ್ನಿನಲ್ಲಿ ಕಾಯ್ತಿದ್ದಾರೆ.

ಕೇನ್ ಗಾಡಿ ತಿರುಗಿಸಿ ವಾಪಸ್ ಬರ್ತಾನೆ. ಹೊಸ ಮಾರ್ಷಲ್ ಬರೋದು ಮಾರನೇ ದಿನ. ಅಲ್ಲೀವರೆಗೆ ಊರು ಕಾಯೋರು ಯಾರು?

ಗುಂಡಿನ ಕಾಳಗ ಬರೋದು ಕೊನೆಗೆ, ಸ್ವಲ್ಪವೇ ಹೊತ್ತು. ಅದಕ್ಕೆ ಮುಂಚೆ ಪೂರ್ತಿ ಅವನು ಮನೆಮನೆ ಅಲೆಯೋದೇ. “ನನ್ನ ಜೊತೆ ಬರ್ತೀರಾ?” ಅಂತ ಕೇಳೋದು. ಮಧ್ಯೆ ಮಧ್ಯೆ ಗೋಡೆ ಗಡಿಯಾರ ತೋರಿಸ್ತಾರೆ. ಸಿನಿಮಾ ಇರೋದು 85 ನಿಮಿಷ, ಕತೆ ನಡೆಯೋದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅವನ ಸಂಕಟ ನಮಗೂ ಅಂಟಿಕೊಳ್ಳುತ್ತೆ.

ಮಿಲ್ಲರ್‌ಗೆ ಶಿಕ್ಷೆ ಕೊಟ್ಟ ಜಡ್ಜ್ ಗಂಟುಮೂಟೆ ಕಟ್ಟಿ ಕುದುರೆ ಹತ್ತುತ್ತಾನೆ. ಡೆಪ್ಯುಟಿಗೆ ತನ್ನನ್ನ ಮಾರ್ಷಲ್ ಮಾಡಲಿಲ್ಲ ಅನ್ನೋ ಮುನಿಸು. ಚರ್ಚಿನಲ್ಲಿ ಸೇರಿದವರಂತೂ ಚರ್ಚೆ ಮಾಡಿದ್ದೇ ಮಾಡಿದ್ದು. ಕೊನೆಗೆ ಕೇನ್‌ನನ್ನ ಬಾಯ್ತುಂಬ ಹೊಗಳಿ, ನೀನು ಊರು ಬಿಟ್ಟು ಹೋಗೋದೇ ವಾಸಿ ಅಂತಾರೆ! ಬರ್ತೀನಿ ಅಂತ ತಾನಾಗೇ ಹೇಳಿದ್ದ ಒಬ್ಬನೂ, ಬೇರೆ ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ಹೆಂಡತಿ ಮಕ್ಕಳ ನೆಪ ಹೇಳಿ ಜಾರಿಕೊಳ್ತಾನೆ.

“ಪೊಲೀಸ್‌ಗೆ ಸಂಬಳ ಕೊಡೋದು ಇನ್ಯಾತಕ್ಕೆ?” ಅಂದ್ರು ನಮ್ಮನೆಯವರು. ಚರ್ಚಿನಲ್ಲೂ ಒಬ್ಬ ಹಾಗೇ ಅಂತಾನೆ! ಮಗ ಜೋರಾಗಿ ನಕ್ಕ. ನಿರ್ದೇಶಕ ಹೊವಾರ್ಡ್ ಹಾಕ್ಸ್‌ಗೂ ಪೊಲೀಸಿನವನು ಹೀಗೆ ಸಹಾಯ ಬೇಡೋದು ಸರಿಬರಲಿಲ್ಲವಂತೆ. ಅದಕ್ಕೆ ಉತ್ತರವಾಗಿ 1959ರಲ್ಲಿ ಜಾನ್ ವೇಯ್ನ್‌ನ ಹಾಕಿಕೊಂಡು ‘ರಿಯೋ ಬ್ರಾವೋ’ ತೆಗೆದ ಅಂತ ಮಗನೇ ಹೇಳಿದ.

ಇದರ ಚಿತ್ರಕತೆ ಬರೆದ ಕಾರ್ಲ್ ಫೋರ್‌ಮನ್ ಕತೆ ಇನ್ನೂ ಬೇರೆ. ಅದು ಅಮೆರಿಕದಲ್ಲಿ ಕಮ್ಯುನಿಸ್ಟರನ್ನ ಹುಡುಕಿ ಹುಡುಕಿ ವಿಚಾರಣೆ ಮಾಡ್ತಿದ್ದ ಕಾಲ. ಈ ಸಿನಿಮಾ ತಯಾರಾಗ್ತಿದ್ದ 1951ರಲ್ಲೇ ಫೋರ್‌ಮನ್‌ನನ್ನೂ ಸಂಸತ್ತಿನ ಸಮಿತಿ ಕರೆಸಿತು. ಜೊತೆಗಾರರ ಹೆಸರು ಹೇಳೋಕೆ ಅವನು ಒಪ್ಪಲಿಲ್ಲ. ಊರೇ ಬಾಗಿಲು ಹಾಕಿಕೊಂಡ ಕತೆ ಬರೆದವನಿಗೆ ಹಾಲಿವುಡ್ಡೇ ಬಾಗಿಲು ಹಾಕಿತು. ಇಂಗ್ಲೆಂಡಿಗೆ ಹೋಗಿ ಬದುಕಬೇಕಾಯ್ತು.

ಆದ್ರೆ ನನ್ನ ಎದೆಗೆ ನಾಟಿದ್ದು ಇದ್ಯಾವುದೂ ಅಲ್ಲ, ಒಂದು ಚಿಕ್ಕ ದೃಶ್ಯ. ಕೇನ್ ಬರ್ತಿರೋದನ್ನ ಅವನ ಸ್ನೇಹಿತನೊಬ್ಬ ಕಿಟಕಿಯಿಂದ ನೋಡ್ತಾನೆ. “ನಾನು ಮನೇಲಿಲ್ಲ ಅಂತ ಹೇಳು” ಅಂತ ಹೆಂಡತಿಗೆ ಹೇಳಿ ಒಳಗೆ ಅಡಗ್ತಾನೆ. ಆಕೆ ಬಾಗಿಲು ತೆಗೆದು ಸುಳ್ಳು ಹೇಳ್ತಾಳೆ. ಸುಳ್ಳು ಅಂತ ಕೇನ್‌ಗೆ ಗೊತ್ತಾಗುತ್ತೆ. ಗೊತ್ತಾಯ್ತು ಅಂತ ಅವಳಿಗೂ ಗೊತ್ತಾಗುತ್ತೆ.

ಆ ಹೆಂಗಸು ನಾನೇ.

ಕೆಲವು ವರ್ಷಗಳ ಹಿಂದೆ ನಮ್ಮ ರಸ್ತೆ ಕೊನೆಯ ಖಾಲಿ ಸೈಟಿನಲ್ಲಿ ರಾತ್ರಿ ಕುಡುಕರ ಹಾವಳಿ. ಹುಡುಗೀರು ಟ್ಯೂಷನ್ ಮುಗಿಸಿ ಬರೋಕೆ ಹೆದರ್ತಿದ್ರು. ಎದುರು ಮನೆಯ ನಿವೃತ್ತ ಟೀಚರ್ ಒಂಟಿ ಜೀವ. ದೂರು ಬರೆದು ಮನೆಮನೆಗೂ ಸಹಿಗೆ ಬಂದ್ರು. ಗೇಟಿನ ಸದ್ದಾಗಿದ್ದೇ ನಮ್ಮನೆಯವರು ಪೇಪರ್ ಮಡಚಿ, ಕೈಯಾಡಿಸಿ, ಒಳಕೋಣೆಗೆ ಹೋದ್ರು. “ಅವರು ಮನೇಲಿಲ್ಲ ಟೀಚರ್, ಬಂದ್ಮೇಲೆ ಹೇಳ್ತೀನಿ” ಅಂದೆ. ಅವರ ಚಪ್ಪಲಿ ಬಾಗಿಲಲ್ಲೇ ಇತ್ತು. ಟೀಚರ್ ಅದನ್ನ ನೋಡಿದ್ರು. “ಆಗ್ಲಿ ಕಣಮ್ಮ” ಅಂತ ನಕ್ಕು ಹೋದ್ರು. ‘ನನ್ನ ಸಹಿ ಹಾಕ್ತೀನಿ ಕೊಡಿ’ ಅನ್ನೋಕೆ ನನಗ್ಯಾಕೆ ಬಾಯಿ ಬರಲಿಲ್ಲವೋ!

ಕೊನೆಗೆ ಒಬ್ಬರೇ ಹೋಗಿ ದೂರು ಕೊಟ್ರು. ಕುಡುಕರ ಕಾಟ ನಿಂತಿತು. ಒಂದು ರಾತ್ರಿ ಟೀಚರ್ ಮನೆ ಕಿಟಕಿ ಗಾಜು ಒಡೀತು. ಆಗಲೂ ನಾವು ಪರದೆ ಸರಿಸಿ ನೋಡಿದ್ವಿ ಅಷ್ಟೇ. ಮುಂದಿನ ವರ್ಷ ಅವರು ಮಗಳ ಊರಿಗೆ ಹೋದ್ರು.

ಸಿನಿಮಾದಲ್ಲಿ ಹಿಂಸೆಯನ್ನೇ ಒಪ್ಪದ ಕ್ವೇಕರ್ ಪಂಥದ ಹೆಂಡತಿ, ಗ್ರೇಸ್ ಕೆಲ್ಲಿ, ರೈಲಿನಿಂದ ಇಳಿದು ಓಡಿಬಂದು ಗಂಡನ ಜೊತೆ ನಿಲ್ತಾಳೆ. ಎಲ್ಲಾ ಮುಗಿದ ಮೇಲೆ ಊರವರು ಹೊರಗೆ ಬರ್ತಾರೆ. ಕೇನ್ ಒಂದು ಮಾತೂ ಆಡದೆ ಎದೆ ಮೇಲಿನ ಬ್ಯಾಡ್ಜ್ ಕಿತ್ತು ಮಣ್ಣಿಗೆ ಎಸೆದು ಹೊರಟುಹೋಗ್ತಾನೆ. ನಮ್ಮ ಟೀಚರ್ ಹಾಗೆ ಮಾಡಲಿಲ್ಲ. ಹೊರಡೋ ದಿನ ಪ್ರತಿ ಮನೆಗೂ ಬಂದು ಹೇಳಿ ಹೋದ್ರು, ನಮ್ಮನೆಗೂ.

ಸೋಮವಾರ ಅವರಿಗೆ ಫೋನ್ ಮಾಡಿದೆ. ಮಗನ ಓದು, ನನ್ನ ಮಂಡಿ ನೋವು ಎಲ್ಲಾ ವಿಚಾರಿಸಿದ್ರು. ಹೇಳಬೇಕಾದ ಮಾತು ಮಾತ್ರ ಗಂಟಲಲ್ಲೇ ಉಳೀತು. ಟೀಚರ್ ಈ ಅಂಕಣ ಓದ್ತಾರೆ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಟೀಚರ್, ಅವತ್ತು ಅವರು ಮನೇಲೇ ಇದ್ರು. ನಾನೂ ಇದ್ದೆ.