ದೇವರು ಬೀಗದಕೈ ಅಲ್ಲ

ಟೆಕ್ಸಸ್‌ನಲ್ಲಿರುವ ನನ್ನ ತಂಗಿಯ ಮಗಳು ಕಳೆದ ಮಳೆಗಾಲದಲ್ಲಿ ಮಂಗಳೂರಿಗೆ ಬಂದವಳು ಹೋಗುವಾಗ ಒಂದು ದಪ್ಪ ಕಾದಂಬರಿ ಬಿಟ್ಟುಹೋದಳು. ‘ದೊಡ್ಡಮ್ಮ, ನಿಮಗೆ ಬೇಕಾದ್ದೆಲ್ಲ ಇದರಲ್ಲಿ ಉಂಟು. ಹಳೇ ಬಂಗಲೆ, ಗುಟ್ಟಿನ ಕೋಣೆ, ಪ್ರೀತಿ, ಪ್ರಾರ್ಥನೆ’ ಎಂದಳು. ಅಮೆರಿಕದ ಜೂಲಿ ಕ್ಲಾಸೆನ್ ಬರೆದ ‘ದ ಸೀಕ್ರೆಟ್ ಆಫ್ ಪೆಂಬ್ರುಕ್ ಪಾರ್ಕ್’, 2014ರದ್ದು. ಹಂಚಿನ ಮೇಲೆ ಮಳೆ ಹುಯ್ಯುತ್ತಿದ್ದ ಎರಡು ರಾತ್ರಿಯಲ್ಲಿ ಮುಗಿಸಿದೆ. ಕರೆಂಟು ಹೋದಾಗ ಮೊಬೈಲ್ ಬೆಳಕಿನಲ್ಲೂ ಓದಿದೆ, ಸುಳ್ಳು ಯಾಕೆ ಹೇಳಲಿ.

ಶುರುವಾತು ಚೆನ್ನಾಗಿದೆ. ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡ್. ಬ್ಯಾಂಕು ಮುಳುಗಿ ಕೈ ಬರಿದಾದ ಒಂದು ಮನೆತನಕ್ಕೆ ಹಳ್ಳಿಯಲ್ಲೊಂದು ದೊಡ್ಡ ಬಂಗಲೆ ವಾಸಕ್ಕೆ ಸಿಗುತ್ತದೆ. ಹದಿನೆಂಟು ವರ್ಷ ಮುಚ್ಚಿದ್ದ ಮನೆ. ಬಾಗಿಲು ತೆಗೆದರೆ ಮೇಜಿನ ಮೇಲೆ ಚಹಾದ ಕಪ್ಪುಗಳು ಹಾಗೇ ಇವೆ, ತಳದಲ್ಲಿ ಚಹಾ ಒಣಗಿ ಕರೆಗಟ್ಟಿದೆ. ಮಗುವೊಂದು ಆಡುತ್ತಾ ಆಡುತ್ತಾ ಅರ್ಧಕ್ಕೇ ಎದ್ದುಹೋದ ಹಾಗೆ ಬೊಂಬೆಮನೆ. ಆ ಕಪ್ಪುಗಳನ್ನು ಕಂಡ ಮೇಲೆ ಪುಸ್ತಕ ಕೆಳಗಿಡುವುದು ಯಾರಿಂದಲೂ ಆಗದು. ಊರಿನ ಕಿರಿಯ ಪಾದ್ರಿ ಸುಂದರ, ನಾಯಕಿ ವಿವೇಕಿ. ಮುಂದಿನದನ್ನು ನೀವೇ ಊಹಿಸಬಲ್ಲಿರಿ.

ಅಮೆರಿಕದಲ್ಲಿ ಕ್ರೈಸ್ತ ಕಾದಂಬರಿಗೆ ಬೇರೆಯೇ ಪ್ರಕಾಶಕರಿದ್ದಾರೆ, ಅಂಗಡಿಯಲ್ಲಿ ಬೇರೆಯೇ ಕಪಾಟು ಇದೆ. ಕ್ಯಾಥರೀನ್ ಮಾರ್ಷಲ್ ಅವರ 1967ರ ‘ಕ್ರಿಸ್ಟಿ’ ಕಾದಂಬರಿಯ ಹೆಸರಿನಲ್ಲಿ ಪ್ರಶಸ್ತಿಯನ್ನೂ ಕೊಡುತ್ತಾರೆ. ಅವುಗಳ ಮೇಲೆ ನನಗೆ ಕೋಪವಿಲ್ಲ. ಜ್ವರ ಬಂದಾಗ ಗಂಜಿ ಬೇಕಾಗುವ ಹಾಗೆ ಇಂಥ ಪುಸ್ತಕವೂ ಒಮ್ಮೊಮ್ಮೆ ಬೇಕು. ನನ್ನ ತಕರಾರು ಒಂದೇ. ಈ ಬಗೆಯ ಪುಸ್ತಕಗಳಲ್ಲಿ, ನಾನು ಓದಿದ ಮಟ್ಟಿಗೆ, ದೇವರು ಬೀಗದಕೈಯ ಕೆಲಸ ಮಾಡುತ್ತಾನೆ. ನಾಯಕಿ ಪ್ರಾರ್ಥಿಸುತ್ತಾಳೆ, ಮನಸ್ಸು ಹಗುರಾಗುತ್ತದೆ, ಮುಂದಿನ ಅಧ್ಯಾಯದಲ್ಲಿ ಗುಟ್ಟಿನ ಕೋಣೆ ತೆರೆಯುತ್ತದೆ, ಕೊನೆಯಲ್ಲಿ ಮದುವೆ. ನಂಬಿಕೆಗಾಗಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಐವತ್ತು ವರ್ಷಕ್ಕೂ ಮೇಲೆ ಭಾನುವಾರ ತಪ್ಪದೆ ದೇವಾಲಯದ ಬೆಂಚಿನಲ್ಲಿ ಕೂತ ನನಗೆ ಅಂಥ ನಂಬಿಕೆಯ ಪರಿಚಯವಿಲ್ಲ.

ಈ ಕಾದಂಬರಿಕಾರರೆಲ್ಲ ಎರಕ ಹೊಯ್ಯುವ ಅಚ್ಚು ಮಾತ್ರ ಬಹಳ ಗಟ್ಟಿಯದು. 1847ರಲ್ಲಿ ಬಂದ ‘ಜೇನ್ ಐರ್’. ಪಾದ್ರಿಯ ಮಗಳು ಶಾರ್ಲೆಟ್ ಬ್ರಾಂಟಿ ಬರೆದದ್ದು. ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ನನ್ನ ಹತ್ತಿರ ಇದರ ಮೂರು ಪ್ರತಿಗಳಿವೆ, ಮೂರಕ್ಕೂ ಗೆದ್ದಲಿನ ಮುದ್ರೆ ಬಿದ್ದಿದೆ. ಮೂರನೇ ಅಂತಸ್ತಿನಿಂದ ಕೇಳುವ ನಗು, ರಾತ್ರಿ ಹೊತ್ತಿಕೊಳ್ಳುವ ಮಂಚ, ಹರಿದ ಮದುವೆ ಮುಸುಕು, ಬೀಗ ಹಾಕಿಟ್ಟ ಮೊದಲ ಹೆಂಡತಿ. ಹುಡುಗಿಯರು ಇದನ್ನೆಲ್ಲ ಕಣ್ಣರಳಿಸಿ ಕೇಳುತ್ತಿದ್ದರು. ಮದುವೆ ದೇವಾಲಯದಲ್ಲೇ ನಿಂತುಹೋದ ಮೇಲಿನ ಭಾಗ ಬಂದರೆ ಆಕಳಿಸುತ್ತಿದ್ದರು. ನನಗೆ ಕಾದಂಬರಿ ಶುರುವಾಗುವುದೇ ಅಲ್ಲಿಂದ.

ಮದುವೆ ನಿಂತ ಮೇಲೆ ವರ ರಾಚೆಸ್ಟರ್ ‘ನನ್ನ ಜೊತೆ ಫ್ರಾನ್ಸಿಗೆ ಬಾ’ ಎಂದು ಗೋಗರೆಯುತ್ತಾನೆ. ಹೋದರೆ ಕೇಳುವವರಿಲ್ಲ, ಅಳುವವರಿಲ್ಲ, ಜೇನ್ ಅನಾಥೆ. ಆದರೂ ಬೆಳಕು ಹರಿಯುವ ಮುಂಚೆ ಇಪ್ಪತ್ತು ಶಿಲ್ಲಿಂಗ್ ಹಿಡಿದು ಮನೆ ಬಿಡುತ್ತಾಳೆ. ಇದ್ದ ಒಂದು ಗಂಟನ್ನೂ ಸಾರೋಟಿನಲ್ಲಿ ಮರೆಯುತ್ತಾಳೆ. ಬಯಲಲ್ಲಿ ಮಲಗುತ್ತಾಳೆ. ಹಂದಿಯ ತೊಟ್ಟಿಗೆ ಸುರಿಯಲಿದ್ದ ತಣ್ಣನೆಯ ಗಂಜಿಯನ್ನು ಒಂದು ಮಗುವಿನ ಹತ್ತಿರ ಬೇಡಿ ತಿನ್ನುತ್ತಾಳೆ. ದೇವರ ಮಾತನ್ನು ಕೇಳಿದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ ಆ ಗಂಜಿ! 1848ರ ಕೊನೆಯಲ್ಲಿ ಎಲಿಜಬೆತ್ ರಿಗ್ಬಿ ಎಂಬ ವಿಮರ್ಶಕಿ, ಹೆಸರು ಹಾಕದೆ, ಇದು ಕ್ರೈಸ್ತ ಧರ್ಮಕ್ಕೇ ವಿರುದ್ಧವಾದ ಪುಸ್ತಕ ಎಂದು ಬರೆದಳು. ಆ ಗಂಜಿಯ ಮುಂದೆ ಆಕೆ ಅರೆಗಳಿಗೆ ನಿಲ್ಲಲಿಲ್ಲವೇನೋ.

ಭಯ ಹುಟ್ಟಿಸುವ ದೃಶ್ಯ ಇದಾದ ಮೇಲೂ ಒಂದಿದೆ. ಜೇನ್‌ಗೆ ಆಶ್ರಯ ಕೊಟ್ಟ ಸೇಂಟ್ ಜಾನ್ ರಿವರ್ಸ್ ಪಾದ್ರಿ. ಅಮೃತಶಿಲೆಯಂಥ ಮುಖ, ಒಂದು ಚುಕ್ಕೆ ಕಳಂಕವಿಲ್ಲ. ಮಿಶನರಿಯಾಗಿ ಇಂಡಿಯಾಕ್ಕೆ ಹೊರಟಿದ್ದಾನೆ, ಹೆಂಡತಿಯಾಗಿ ಬಾ ಎಂದು ಜೇನ್‌ಳನ್ನು ಕರೆಯುತ್ತಾನೆ. ಪ್ರೀತಿಯ ಮಾತೇ ಇಲ್ಲ. ನೀನು ಹುಟ್ಟಿದ್ದು ದುಡಿಮೆಗೆ, ಒಲುಮೆಗಲ್ಲ ಎಂಬ ಅರ್ಥದಲ್ಲಿ ಮಾತಾಡುತ್ತಾನೆ. ತಂಗಿಯಂತೆ ಬರುತ್ತೇನೆ ಎಂದರೆ ಒಪ್ಪುವುದಿಲ್ಲ. ತನ್ನನ್ನು ನಿರಾಕರಿಸಿದರೆ ದೇವರನ್ನೇ ನಿರಾಕರಿಸಿದಂತೆ ಎಂದು ಹೆದರಿಸುತ್ತಾನೆ. ಅಟ್ಟದಲ್ಲಿ ನಗುವ ಮೊದಲ ಹೆಂಡತಿ ಬರ್ಥಾಳಿಗಿಂತ ಕೈಯಲ್ಲಿ ಸತ್ಯವೇದ ಹಿಡಿದ ಈ ಮನುಷ್ಯನೆಂದರೆ ನನಗೆ ಹೆಚ್ಚು ಭಯ. ದೇವರ ಹೆಸರಿನಲ್ಲಿ ಮನುಷ್ಯ ಮನುಷ್ಯನಿಗೆ ಬೀಗ ಹಾಕುವುದನ್ನು ಪಾದ್ರಿಯ ಮನೆಯಲ್ಲಿ ಬೆಳೆದವಳೇ ಬರೆದಳು. ಆದರೂ ಕಾದಂಬರಿಯ ಕೊನೆಯ ಮಾತನ್ನು ಅವನ ಪತ್ರಕ್ಕೇ ಬಿಟ್ಟುಕೊಟ್ಟಳು. ಈ ಧೈರ್ಯ ಪೆಂಬ್ರುಕ್ ಪಾರ್ಕಿನಲ್ಲಿ ಇಲ್ಲ.

ಒಂದು ಸಣ್ಣ ವಿವರ ನನ್ನನ್ನು ಬಿಟ್ಟಿಲ್ಲ. ಜೇನ್ ಆಗ ಜರ್ಮನ್ ಕಲಿಯುತ್ತಿರುತ್ತಾಳೆ. ಸೇಂಟ್ ಜಾನ್ ಅದನ್ನು ಬಿಡಿಸಿ ಹಿಂದೂಸ್ತಾನಿ ಕಲಿ ಎನ್ನುತ್ತಾನೆ. ಆ ಪುಸ್ತಕ ಅಚ್ಚಾಗುವ ಹೊತ್ತಿಗೆ ಬಾಸೆಲ್ ಮಿಶನ್ ಮಂಗಳೂರಿಗೆ ಬಂದು ಹದಿಮೂರು ವರ್ಷವಾಗಿತ್ತು. ‘ಮಂಗಳೂರ ಸಮಾಚಾರ’ ಪತ್ರಿಕೆ ಹುಟ್ಟಿ ನಿಂತೂ ಹೋಗಿತ್ತು. ಜರ್ಮನ್ ಆಡುವ ಹುಡುಗಿಯರು ಹಡಗಿಳಿದು ಇಲ್ಲಿ ಕನ್ನಡ ಕಲಿಯುತ್ತಿದ್ದರು. ಮಿಶನ್ನಿನ ಕಟ್ಟಳೆಯಂತೆ ಗಂಡಸರು ಒಂಟಿಯಾಗಿ ಬರಬೇಕು. ಕಡಿಮೆಯೆಂದರೆ ಎರಡು ವರ್ಷ ಕಳೆದ ಮೇಲೆ ಮದುವೆಗೆ ಅನುಮತಿ ಕೇಳಿ ಬಾಸೆಲ್‌ನ ಕಮಿಟಿಗೆ ಬರೆಯಬೇಕು. ಎಷ್ಟೋ ಸಲ ಹುಡುಗಿಯನ್ನು ಹುಡುಕುತ್ತಿದ್ದದ್ದೂ ಕಮಿಟಿಯೇ. ಕಣ್ಣಲ್ಲಿ ಕಾಣದ ಗಂಡಿಗೆ ಪತ್ರದಲ್ಲೇ ಒಪ್ಪಿ, ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದವಳು ಕೆಲವೇ ದಿನದಲ್ಲಿ ಮದುವೆಯಾಗುತ್ತಿದ್ದಳು. ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸಬೇಕು. ಮತ್ತೆ ನೋಡುವುದು ಎಷ್ಟೋ ವರ್ಷದ ಮೇಲೆ, ಕೆಲವೊಮ್ಮೆ ಇಲ್ಲವೇ ಇಲ್ಲ.

ಈ ಮಿಶನ್ ಮನೆಗಳ ಗಂಡಸರ ಹೆಸರು ನಮಗೆ ಬಾಯಿಪಾಠ. 1894ರ ಕನ್ನಡ ನಿಘಂಟಿನ ಕಿಟೆಲ್ ಮೊದಲ ಹೆಂಡತಿ ಪೌಲೀನ್ ತೀರಿಕೊಂಡ ಮೇಲೆ ಆಕೆಯ ಸಹೋದರಿಯನ್ನೇ ಮದುವೆಯಾದರು. ಮೊಗ್ಲಿಂಗ್ ಕೈಹಿಡಿದದ್ದು ತೀರಿಹೋದ ಜೊತೆಗಾರ ವೈಗ್ಲೆಯವರ ವಿಧವೆಯನ್ನು, ಆಕೆಯೂ ಪೌಲೀನ್. ಅಕ್ಕತಂಗಿಯರಲ್ಲಿ ಒಬ್ಬಳ ಜಾಗಕ್ಕೆ ಇನ್ನೊಬ್ಬಳು ಹಡಗೇರಿ ಬರುತ್ತಾಳೆ, ಬಂದ ಮನೆಯಲ್ಲಿ ಸತ್ತವಳ ಪೆಟ್ಟಿಗೆ ಇದ್ದೀತು, ಮೊದಲ ರಾತ್ರಿ ಆಕೆ ಅದನ್ನು ತೆರೆದಳೇ? ಇದಕ್ಕಿಂತ ದೊಡ್ಡ ಗುಟ್ಟಿನ ಕೋಣೆ ಇಂಗ್ಲೆಂಡಿನ ಯಾವ ಬಂಗಲೆಯಲ್ಲಿದೆ? ಕನ್ನಡದಲ್ಲಿ ಯಾರಾದರೂ ಈ ಪೆಟ್ಟಿಗೆಯಿಂದ ಒಂದು ಕಾದಂಬರಿ ಶುರುಮಾಡಬಾರದೇ ಎಂದು ನನ್ನ ಆಸೆ. ಮಿಶನ್ನಿನವರನ್ನು ಹೊಗಳಲೂ ಬೇಡ, ಬಯ್ಯಲೂ ಬೇಡ. ಎರಡನ್ನೂ ಭಾಷಣದಲ್ಲಿ ಬೇಕಾದಷ್ಟು ಕೇಳಿದ್ದೇವೆ.

ನಮ್ಮ ಸಭೆಯ ಸಮಾಧಿ ಜಾಗದಲ್ಲಿ, ಗೋಡೆಯ ಪಕ್ಕದ ಹಲಸಿನ ಬುಡದಲ್ಲಿ, ಜರ್ಮನ್ ಅಕ್ಷರದ ಒಂದು ಕಲ್ಲಿದೆ. ಚಿಕ್ಕವಳಿದ್ದಾಗ ಅಜ್ಜಿ ಅದರ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಯಾರಿದು ಎಂದರೆ ‘ಯಾರೋ ಪಾಪ, ಮಗು ಹೆರಲು ಆಗದೆ ಹೋದವಳು’ ಎನ್ನುತ್ತಿದ್ದರು. ಈಗ ಉಜ್ಜುವವರಿಲ್ಲ. ಹೆಸರಿನ ಮೊದಲ ಎರಡು ಅಕ್ಷರ ಮಾತ್ರ ಬೆರಳಿಗೆ ಸಿಗುತ್ತದೆ.

ಮೊನ್ನೆ ತಂಗಿಯ ಮಗಳು ಫೋನಿನಲ್ಲಿ ಪುಸ್ತಕ ಹೇಗಿತ್ತು ಎಂದಳು. ಚಹಾದ ಕಪ್ಪುಗಳು ಚೆನ್ನಾಗಿದ್ದವು ಎಂದೆ. ಆಮೇಲೆ ಈ ಹಡಗಿನ ಹುಡುಗಿಯರ ಕತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಕೊನೆಗೆ ಮದುವೆ ಆಗ್ತದಾ ದೊಡ್ಡಮ್ಮ?’

‘ಮದುವೆ ಮೊದಲನೇ ಅಧ್ಯಾಯದಲ್ಲೇ ಆಗ್ತದೆ ಮಗಾ’ ಎಂದೆ. ‘ಪ್ರೀತಿ ಆಗ್ತದಾ ಇಲ್ವಾ ಅಂತ ಆಮೇಲೆ ನೋಡಬೇಕು.’