ಕೀಲಿಕೈ ಕೊಡುವ ಮುನ್ನ

ಬೇಸಗೆಯ ರಜ ಬಂದಿತೆಂದರೆ ಬೆಂಗಳೂರಿನ ಮಕ್ಕಳಿಗೆ ಅಜ್ಜಿಯ ಊರಿನ ನೆನಪು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಅಂಥ ಊರುಗಳಲ್ಲೊಂದು. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿ ಅಲ್ಲಿಗೆ ಬಂದಿಳಿದ 16 ವರ್ಷದ ಹುಡುಗನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅಂಗಳದಲ್ಲಿ ಸೋದರಮಾವನ ಸ್ಕೂಟರು ನಿಂತಿದೆ.

"ಮಾವ, ಕೀಲಿಕೈ ಕೊಡಿ. ಬಸ್ ನಿಲ್ದಾಣದವರೆಗೆ ಹೋಗಿ ಬಂದುಬಿಡ್ತೀನಿ."

"ಹುಷಾರು ಕಣಪ್ಪ, ನಿಧಾನವಾಗಿ ಹೋಗು."

ಮಾತು ಅಲ್ಲಿಗೆ ಮುಗಿಯಿತು. ಮಾವನ ಮನಸ್ಸಿನಲ್ಲಿರುವುದು ಪ್ರೀತಿಯೊಂದೇ. ಹಳ್ಳಿಯ ರಸ್ತೆ, ಪೊಲೀಸಿನವರ ಕಾಟವಿಲ್ಲ, ಪಟ್ಟಣದಂತೆ ಸಂದಣಿಯಿಲ್ಲ ಎಂಬ ಸಮಾಧಾನ ಬೇರೆ. ಹುಡುಗನಿಗೆ ಓಡಿಸಲು ಬಾರದೆ? ಹಿಂದಿನ ರಜದಲ್ಲಿಯೇ ಬಯಲಿನಲ್ಲಿ ಕಲಿಸಿದ್ದಾಗಿದೆ!

ಓಡಿಸಲು ಬರುವುದೆಂದರೇನು ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ನಡೆಸಲು 18 ವರ್ಷ ತುಂಬಿರಬೇಕು. 16 ತುಂಬಿದವರಿಗೆ ಲೈಸೆನ್ಸು ಪಡೆದು ನಡೆಸಲು ಅವಕಾಶವಿರುವುದು 50 ಸಿ.ಸಿ. ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ. ಲೂನಾ ಓಡಾಡುತ್ತಿದ್ದ ಕಾಲಕ್ಕೆ ಆ ಮಾತಿಗೆ ಅರ್ಥವಿತ್ತು. ಇಂದು ಮನೆಮನೆಯಲ್ಲಿರುವ ಸ್ಕೂಟರುಗಳು ಅದರ ಇಮ್ಮಡಿ ಶಕ್ತಿಯವು. ತಾಳ್ಯದ ಬೀದಿಯೂ ಬೆಂಗಳೂರಿನ ಬೀದಿಯಷ್ಟೇ ಸಾರ್ವಜನಿಕ ಸ್ಥಳ.

2019ರ ತಿದ್ದುಪಡಿಯು ಈ ಹೊಣೆಯನ್ನು ಹಿರಿಯರ ಹೆಗಲಿಗೇ ಏರಿಸಿತು. ಅಪ್ರಾಪ್ತನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ವಾಹನದ ಮಾಲೀಕನಿಗೆ 3 ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ತನಗೆ ತಿಳಿಯದೆ ನಡೆಯಿತೆಂದು ಹಿರಿಯನು ರುಜುವಾತುಪಡಿಸಿದರೆ ಅವನಿಗೆ ಬಿಡುಗಡೆ. ಕೀಲಿಕೈಯನ್ನು ತಾನೇ ಕೈಯಾರೆ ಕೊಟ್ಟ ಮಾವ ಏನೆಂದು ಹೇಳಬಲ್ಲ?

ಆದರೆ ದಂಡದ ಭಯದಿಂದ ವಾಹನ ಮುಟ್ಟದಿರುವ ಹುಡುಗ 18 ತುಂಬಿದ ಮಾರನೆಯ ದಿನ ತಾನಾಗಿಯೇ ಜಾಣನಾಗುವುದಿಲ್ಲ. ಕಾನೂನು ಅವನನ್ನು ತಡೆಯಬಲ್ಲುದು, ಕಲಿಸಬೇಕಾದವರು ಬೇರೆ.

ಬಯಲಿನಲ್ಲಿ ಅವನು ಕಲಿತದ್ದೇನು? ಹೊರಡಿಸುವುದು, ತಿರುಗಿಸುವುದು, ನಿಲ್ಲಿಸುವುದು. ಇವು ಕೈಕಾಲಿನ ವಿದ್ಯೆಗಳು. ಎಳೆಯರಿಗೆ ಎರಡೇ ದಿನದಲ್ಲಿ ಒಲಿಯುತ್ತವೆ. ಲೈಸೆನ್ಸಿಗಾಗಿ ಎಂಟರ ಆಕಾರದಲ್ಲಿ ಓಡಿಸಿ ತೋರಿಸುವಾಗಲೂ ಎದುರಿಗೆ ಬರುವವರು ಯಾರೂ ಇರುವುದಿಲ್ಲ. ರಸ್ತೆಯ ವಿದ್ಯೆ ಕಣ್ಣಿನದು, ಮನಸ್ಸಿನದು. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹರಡಿದ ಹುರುಳಿ ಚಕ್ರಕ್ಕೆ ಸುತ್ತಿಕೊಳ್ಳುವುದು, ಹಿಂದೀಪವಿಲ್ಲದ ಟ್ರ್ಯಾಕ್ಟರಿನ ಟ್ರೈಲರು ಮುಸ್ಸಂಜೆಯಲ್ಲಿ ಕಾಣದಿರುವುದು, ಒಂದು ಎಮ್ಮೆ ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುವುದು — ಇವುಗಳನ್ನು ಮುಂದಾಗಿ ಊಹಿಸುವವನೇ ನಿಜವಾದ ಚಾಲಕ. ಅದೇ ಹುಡುಗ ಚಿತ್ರದುರ್ಗದ ಬಳಿಯ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಬಂದನೆಂದರೆ ಊಹಿಸಲು ಸಿಗುವ ಕಾಲ ಇನ್ನೂ ಕಿರಿದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡು ಯೋಚಿಸುವಷ್ಟರಲ್ಲಿ ವಾಹನ 16 ಮೀಟರಿಗೂ ಹೆಚ್ಚು ಮುಂದೆ ಸಾಗಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ.

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 11,702 ಜನ ಕರ್ನಾಟಕದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು. ದೇಶದಲ್ಲಿ 18 ತುಂಬದೆಯೇ ಹೀಗೆ ಸತ್ತ ಮಕ್ಕಳು 9,528. ಅವರೆಲ್ಲರೂ ವಾಹನ ನಡೆಸುತ್ತಿದ್ದವರಲ್ಲ. ಹಲವರು ನಡೆದು ಹೋಗುತ್ತಿದ್ದವರು, ಹಿಂದೆ ಕುಳಿತವರು. ಒಬ್ಬನ ಅವಿವೇಕಕ್ಕೆ ತಲೆ ಕೊಡುವವನು ಇನ್ನೊಬ್ಬನಾಗಬಹುದೆಂಬುದನ್ನು ಮರೆಯಲಾಗದು.

ಹಾಗಾದರೆ ಕಲಿಸುವ ಬಗೆ ಹೇಗೆ? ಸ್ವೀಡನ್ ದೇಶದಲ್ಲಿ 1993ರಲ್ಲಿ ಒಂದು ಬದಲಾವಣೆ ಮಾಡಿದರು. ಲೈಸೆನ್ಸಿನ ವಯಸ್ಸು 18 ಎಂಬುದನ್ನು ಹಾಗೆಯೇ ಉಳಿಸಿ, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರಿನ ಅಭ್ಯಾಸ ಮಾಡಲು 16ರಿಂದಲೇ ಅನುಮತಿ ಕೊಟ್ಟರು. ಈ ಅವಕಾಶವನ್ನು ಬಳಸಿಕೊಂಡವರು ಸರಾಸರಿ ನೂರು ಗಂಟೆಗೂ ಮೀರಿ ಅಭ್ಯಾಸ ಮಾಡಿದ್ದರು. ಲೈಸೆನ್ಸು ಬಂದ ಮೇಲೆ ಅವರ ಅಪಘಾತಗಳು ಉಳಿದವರಿಗಿಂತ ಗಣನೀಯವಾಗಿ ಕಡಮೆಯಾದುದನ್ನು ಸಂಶೋಧಕರು ಕಂಡರು. ನ್ಯೂಜಿಲೆಂಡಿನಲ್ಲಿ 1987ರಿಂದ ಲೈಸೆನ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತಾರೆ. ಮೊದಲ ಮೆಟ್ಟಿಲಲ್ಲಿ ಜೊತೆಗೆ ಹಿರಿಯರಿರಬೇಕು. ಎರಡನೆಯದರಲ್ಲಿ ಒಂಟಿಯಾಗಿ ಹೋಗಬಹುದಾದರೂ ತಡರಾತ್ರಿಯ ಪ್ರಯಾಣಕ್ಕೂ ಗೆಳೆಯರನ್ನು ಹೇರಿಕೊಳ್ಳುವುದಕ್ಕೂ ನಿರ್ಬಂಧ. ಆ ಮೇಲೆಯೇ ಪೂರ್ಣ ಸ್ವಾತಂತ್ರ್ಯ. ಕತ್ತಲೆ ಮತ್ತು ಗೆಳೆಯರ ಗುಂಪು, ಇವೆರಡೇ ಹೊಸಬನ ಬುದ್ಧಿಯನ್ನು ಬಹುವಾಗಿ ಕೆಡಿಸುವಂಥವು.

ನಮ್ಮಲ್ಲಿಯೂ ನಿಯಮಗಳಿಲ್ಲದಿಲ್ಲ. ಕಲಿಕೆಯ ಲೈಸೆನ್ಸು 6 ತಿಂಗಳು ನಡೆಯುತ್ತದೆ. 30 ದಿನ ಕಳೆಯದೆ ಪರೀಕ್ಷೆಗೆ ಹೋಗುವಂತಿಲ್ಲ. ಬೈಕು ಕಲಿಯುವವನು ಕಲಿಸುವವನ ಹೊರತು ಇನ್ನಾರನ್ನೂ ಕೂರಿಸಿಕೊಳ್ಳುವಂತಿಲ್ಲ. 2021ರ ನಿಯಮಗಳಡಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಕಾರಿನ ಶಿಕ್ಷಣಕ್ಕೆ 29 ಗಂಟೆ ಗೊತ್ತುಪಡಿಸಿದ್ದಾರೆ. ಅದರಲ್ಲಿ 8 ಗಂಟೆ ಪಾಠ, 21 ಗಂಟೆ ಅಭ್ಯಾಸ. ಆದರೆ ಬಹುಮಂದಿ ಆ 30 ದಿನಗಳನ್ನು ಕಾಯುವ ದಿನಗಳೆಂದು ಬಗೆಯುತ್ತಾರೆಯೇ ಹೊರತು ಕಲಿಯುವ ದಿನಗಳೆಂದಲ್ಲ.

ಮನೆಯವರು ಮನಸ್ಸು ಮಾಡಿದರೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಹುದು. ಸೈಕಲ್ಲಿನ ದಿನಗಳಿಂದಲೇ ಪಾಠ ಆರಂಭವಾಗಲಿ: ಎಡಬದಿಯಲ್ಲಿ ಸಾಗುವುದು, ತಿರುಗುವ ಮುನ್ನ ಹಿಂದೆ ನೋಡಿ ಕೈ ತೋರಿಸುವುದು. ಮಗನನ್ನೋ ಮಗಳನ್ನೋ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವಾಗ ತಂದೆ, "ಮುಂದೆ ಏನು ಕಾಣುತ್ತಿದೆ? ಆ ಬಸ್ಸಿನ ಮರೆಯಿಂದ ಯಾರು ಬರಬಹುದು?" ಎಂದು ಕೇಳುತ್ತಿರಲಿ. 18 ತುಂಬಿ ಕಲಿಕೆಯ ಲೈಸೆನ್ಸು ಬಂದ ಮೇಲೆ ಮೊದಲು ಹಗಲು, ಬಳಿಕ ಸಂದಣಿ, ಆ ಬಳಿಕ ಮಳೆ, ಕೊನೆಗೆ ಇರುಳು — ಹೀಗೆ ಕ್ರಮವಾಗಿ ಅಭ್ಯಾಸವಾಗಲಿ. ಲೈಸೆನ್ಸು ಕೈಗೆ ಬಂದರೂ ಮೊದಲ ಕೆಲವು ತಿಂಗಳು ರಾತ್ರಿಯ ಸವಾರಿಯೂ ಗೆಳೆಯರ ಸವಾರಿಯೂ ಬೇಡವೆಂಬ ಮಾತು ಮನೆಯಲ್ಲಿಯೇ ಆಗಲಿ. ಅದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ.

ಎಲ್ಲಕ್ಕೂ ಮೇಲಾದ ಪಾಠಪುಸ್ತಕವೆಂದರೆ ಹಿರಿಯರ ನಡತೆ. ಹೆಲ್ಮೆಟ್ಟನ್ನು ಕನ್ನಡಿಗೆ ತಗುಲಿಹಾಕಿ, ಪೊಲೀಸಿನವರನ್ನು ಕಂಡಾಗ ತಲೆಗೇರಿಸುವ ತಂದೆಯಿಂದ ಮಗ ಕಲಿಯುವುದು ತಪ್ಪಿಸಿಕೊಳ್ಳುವ ಉಪಾಯವನ್ನು. ಹೆಲ್ಮೆಟ್ಟು ತೊಟ್ಟವರಲ್ಲಿ ತಲೆಗೆ ಪೆಟ್ಟಾಗುವ ಸಂಭವ ಶೇಕಡ 69ರಷ್ಟು ಕಡಮೆಯೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಆದರೆ ಮಗನಿಗೆ ಈ ಲೆಕ್ಕಕ್ಕಿಂತ ತಂದೆಯ ತಲೆಯೇ ಹೆಚ್ಚು ನಂಬಿಕೆಯ ಸಾಕ್ಷಿ.

ಇನ್ನು ತಾಳ್ಯದ ಆ ಅಂಗಳ. ಮುಂದಿನ ರಜದಲ್ಲಿ ಹುಡುಗ ಮತ್ತೆ ಬಂದು ಕೈ ಚಾಚಿದಾಗ ಮಾವ ಕೀಲಿಕೈಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಂಡು, "ಬಾರಪ್ಪ, ಹಿಂದೆ ಕೂತ್ಕೊ, ಇಬ್ಬರೂ ಹೋಗಿ ಬರೋಣ" ಎನ್ನಬಹುದು. ಹುಡುಗನ ಮುಖ ಗಳಿಗೆಹೊತ್ತು ಸಣ್ಣಗಾದೀತು. ಆದರೆ ಊಟದ ಹೊತ್ತಿಗೆ ಅಜ್ಜಿ ಬಾಗಿಲಿಗೆ ಬಂದು ದಾರಿ ನೋಡುವಾಗ, ಅವಳ ಎದೆ ಹೊಡೆದುಕೊಳ್ಳಬೇಕಾದ ಕಾರಣವಿರುವುದಿಲ್ಲ.