ಕನ್ನಡ ಸಾಲೆಯ ತನಿಖೆ ಯಾರಿಂದ?

ಜತ್ತ ತಾಲೂಕಿನ ಕನ್ನಡ ಬಾಂಧವರೆ,

ನೀರಿನ ಮಾತು ಬಂದಾಗ ಉಮದಿ, ಸಂಖ, ತಿಕೋಂಡಿ, ಬಾಳಗಾಂವಗಳ ಜನ ಒಂದೇ ಕೊರಳಿನಿಂದ ಕೂಗಿದ್ದನ್ನು ನಾವು ಕಂಡಿದ್ದೇವೆ. 2022ರ ಕೊನೆಯಲ್ಲಿ ಮ್ಹೈಸಾಳ ಯೋಜನೆಯ ನೀರಿಗಾಗಿ ನಮ್ಮ ಹಳ್ಳಿಗಳು ಎತ್ತಿದ ದನಿಯು ಮುಂಬಯಿಗೂ ಬೆಂಗಳೂರಿಗೂ ಕೇಳಿಸಿತು. ಅದೇ ಜನ ಸಾಲೆಯ ಮಾತು ಬಂದೊಡನೆ ‘ಮಾಸ್ತರರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಾಗುವರು. ಹೊಲ ಒಣಗಿದರೆ ದಾರಿಯಲ್ಲಿ ಹೋಗುವವನಿಗೂ ಕಾಣುತ್ತದೆ. ಮೂರನೆಯ ಇಯತ್ತೆಯ ಮಗುವಿಗೆ ಓದು ಬಾರದಿದ್ದರೆ ಹೆತ್ತ ತಾಯಿಗೂ ಕೂಡಲೆ ತಿಳಿಯುವುದಿಲ್ಲ. ಅದನ್ನು ತಿಳಿಯಲಿಕ್ಕೆಂದೇ ಸರಕಾರವು ತನಿಖೆಯ ಅಧಿಕಾರಿಗಳನ್ನು ಇಟ್ಟಿದೆ. ಆ ತನಿಖೆಯ ವಿಷಯವಾಗಿ ಈ ಪತ್ರಿಕೆಯಲ್ಲಿ ನಾಲ್ಕು ಮಾತು ಬರೆಯುತ್ತೇವೆ.

ಮೊದಲು ಇದ್ದ ಸಂಗತಿಯನ್ನು ಇದ್ದಂತೆ ಹೇಳಬೇಕು. ನಮ್ಮ ತಾಲೂಕಿನಲ್ಲಿ ಸಾಂಗಲಿ ಜಿಲ್ಲಾ ಪರಿಷತ್ತಿನ ಕನ್ನಡ ಪ್ರಾಥಮಿಕ ಸಾಲೆಗಳು ನೂರಕ್ಕೂ ಹೆಚ್ಚು ಇವೆ. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿಯು ಮರಾಠಿ, ಉರ್ದು ಮೊದಲಾದವುಗಳ ಜೊತೆಗೆ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಹತ್ತನೆಯ ಇಯತ್ತೆಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅನುಮತಿಯುಂಟು. ಆದುದರಿಂದ ಮಹಾರಾಷ್ಟ್ರ ಸರಕಾರವು ನಮಗೆ ಏನನ್ನೂ ಕೊಟ್ಟಿಲ್ಲವೆಂದು ಸಾರುವುದು ಸತ್ಯಕ್ಕೆ ದೂರವಾದೀತು. ಗೋಡೆಯಿದೆ, ಪುಸ್ತಕವಿದೆ, ಮಧ್ಯಾಹ್ನದ ಊಟವಿದೆ. ಆ ಗೋಡೆಯೊಳಗೆ, ಆ ಪುಸ್ತಕದಿಂದ ಮಗು ಎಷ್ಟು ಕಲಿಯಿತು ಎಂಬುದನ್ನು ಕನ್ನಡದ ಕಿವಿಯಿಂದ ಕೇಳಿ ಅಳೆಯುವವರು ಇದ್ದಾರೆಯೇ ಎಂಬುದೇ ನಮ್ಮ ಪ್ರಶ್ನೆ.

ಪಠ್ಯಕ್ರಮವು ಪುಣೆಯಲ್ಲಿ ನಿರ್ಧಾರವಾಗುತ್ತದೆ. ಸಾಂಗಲಿಯಲ್ಲಿ ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿಗಳು, ಜತ್ತದಲ್ಲಿ ಗಟಶಿಕ್ಷಣಾಧಿಕಾರಿಗಳು, ಅವರ ಕೈಕೆಳಗೆ ವಿಸ್ತಾರ ಅಧಿಕಾರಿಗಳು, ಕೊನೆಗೆ ಹತ್ತಾರು ಸಾಲೆಗಳಿಗೆ ಒಬ್ಬರಂತೆ ಕೇಂದ್ರಪ್ರಮುಖರು. ಈ ಸಾಲಿನಲ್ಲಿ ಕನ್ನಡ ಬಲ್ಲವರು ಒಮ್ಮೊಮ್ಮೆ ಬರುವುದುಂಟು. ಬಂದರೆ ನಮ್ಮ ಸುದೈವ, ವರ್ಗವಾಗಿ ಹೋದರೆ ನಮ್ಮ ದುರ್ದೈವ ಎಂದುಕೊಂಡು ಸುಮ್ಮನಿರುತ್ತೇವೆ. ಮಕ್ಕಳ ವಿದ್ಯೆಯನ್ನು ಹೀಗೆ ಮಳೆಯಂತೆ ದೈವಕ್ಕೆ ಬಿಡುವುದು ತರವಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಕಣ್ಣೆದುರಿಗೆ ನಡೆದುದನ್ನು ಹೇಳುತ್ತೇವೆ. ಸಾಲೆಯ ಹೆಸರೂ ಅಧಿಕಾರಿಯ ಹೆಸರೂ ಇಲ್ಲಿ ಬೇಡ. ತನಿಖೆಗೆ ಬಂದ ಸಾಹೇಬರು ಸಜ್ಜನರು. ಹಾಜರಿ ಪಟ್ಟಿ ನೋಡಿದರು, ಅಕ್ಕಿಯ ದಾಸ್ತಾನು ನೋಡಿದರು, ಶೌಚಾಲಯದ ಬಾಗಿಲು ತೆರೆದು ನೋಡಿದರು, ಗೋಡೆಯ ಚಿತ್ರಪಟಗಳನ್ನು ಮೆಚ್ಚಿದರು. ಆಮೇಲೆ ಮೂರನೆಯ ಇಯತ್ತೆಯ ಒಬ್ಬ ಹುಡುಗಿಯನ್ನು ಎಬ್ಬಿಸಿ ಪಾಠ ಓದಿಸಿದರು. ಹುಡುಗಿ ಗಟ್ಟಿಯಾಗಿ, ತಡೆಯಿಲ್ಲದೆ ಓದಿದಳು. ಸಾಹೇಬರು ‘ಛಾನ್’ ಎಂದು ಅವಳ ಬೆನ್ನು ತಟ್ಟಿ, ಭೇಟಿಯ ಪುಸ್ತಕದಲ್ಲಿ ವಾಚನವು ಸಮಾಧಾನಕರವೆಂದು ಬರೆದರು. ಆದರೆ ಪುಟ ತಿರುವುವ ಮೊದಲೇ ಮುಂದಿನ ಪುಟದ ಸಾಲುಗಳು ಆ ಹುಡುಗಿಯ ಬಾಯಲ್ಲಿ ಬಂದುದನ್ನು ನಾವು ಕೇಳಿದೆವು. ಅವಳು ಓದುತ್ತಿರಲಿಲ್ಲ, ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಳು. ಸಾಹೇಬರು ಹೋದ ಮೇಲೆ ನಾವು ಅದೇ ಪಾಠದ ನಡುವಿನ ಒಂದು ಶಬ್ದಕ್ಕೆ ಬೆರಳಿಟ್ಟು ಇದೇನೆಂದು ಕೇಳಿದೆವು. ಮಗು ತಲೆ ತಗ್ಗಿಸಿತು.

ಇದರಲ್ಲಿ ಸಾಹೇಬರ ದೋಷವೇನು? ಕನ್ನಡ ಲಿಪಿ ಬಾರದವರನ್ನು ಕನ್ನಡ ಓದಿನ ಪರೀಕ್ಷಕರನ್ನಾಗಿ ಕಳಿಸಿದ ವ್ಯವಸ್ಥೆಯದೇ ದೋಷ. ಹುಡುಗಿಯ ದೋಷವಂತೂ ಮೊದಲೇ ಅಲ್ಲ. ಕೇಂದ್ರ ಸರಕಾರವು 2021ರಲ್ಲಿ ನಿಪುಣ ಭಾರತ ಎಂಬ ಕಾರ್ಯಕ್ರಮ ಹಾಕಿಕೊಂಡು, ಮೂರನೆಯ ಇಯತ್ತೆ ಮುಗಿಯುವುದರೊಳಗೆ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಮೂಲ ಲೆಕ್ಕಗಳನ್ನು ಮಾಡಬೇಕು ಎಂದು ಗೊತ್ತುಪಡಿಸಿತು. ಧ್ಯೇಯವು ಉತ್ತಮವಾದುದೇ. ಆದರೆ ಅರ್ಥವಾಯಿತೇ ಎಂದು ಕೇಳುವವನಿಗೇ ಆ ಭಾಷೆಯ ಅರ್ಥವಾಗದಿದ್ದಲ್ಲಿ ಆ ಅಂಕಿಗಳಿಗೆ ಬೆಲೆ ಎಷ್ಟು?

ತನಿಖೆಯ ಮಾತು ಹೀಗಾದರೆ ಬೋಧನೆಯ ಮಾತು ಇನ್ನೂ ಕಠಿಣ. 2024ರಲ್ಲಿ ನಮ್ಮ ತಾಲೂಕಿನ ಕನ್ನಡ ಸಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ಸುದ್ದಿ ಗಡಿಯ ಎರಡೂ ಕಡೆಗೆ ಗದ್ದಲವೆಬ್ಬಿಸಿತು. ಕಾಸರಗೋಡಿನ ಕನ್ನಡ ಸಾಲೆಗಳಲ್ಲಿಯೂ ಕನ್ನಡವರಿಯದ ಶಿಕ್ಷಕರ ನೇಮಕದ ವಿರುದ್ಧ ತಂದೆತಾಯಿಗಳು ಹೋರಾಡಿದ್ದಾರೆ. ಹೀಗೆ ಬಂದ ತರುಣ ಶಿಕ್ಷಕರ ಮೇಲೆ ನಾವು ಸಿಟ್ಟಾಗಬಾರದು. ಅವರು ನೌಕರಿಯ ಆಜ್ಞೆಯಂತೆ ಬಂದವರು. ಒಂದನೆಯ ಇಯತ್ತೆಯ ಮಗು ‘ನೀರಡಿಕೆ ಆಗೇದ’ ಎಂದರೆ ತಿಳಿಯದ ಗುರುಗಳು, ಗುರುಗಳ ಮಾತು ತಿಳಿಯದ ಮಗು, ಇಬ್ಬರೂ ಒಂದೇ ಕೋಣೆಯಲ್ಲಿ ದಿನವಿಡೀ ಕುಳಿತಿರುವುದಕ್ಕೆ ಶಿಕ್ಷಣವೆಂಬ ಹೆಸರು ಒಪ್ಪುವುದಿಲ್ಲ.

ಇಲ್ಲಿ ಒಬ್ಬ ಮಹನೀಯರನ್ನು ನೆನೆಯದೆ ಮುಂದೆ ಹೋಗಲಾರೆವು. ಹಿಂದಿನ ಮುಂಬಯಿ ಇಲಾಖೆಯಲ್ಲಿ ಧಾರವಾಡ-ಬೆಳಗಾವಿಯ ಕಡೆಗೂ ಕನ್ನಡ ಮಕ್ಕಳು ಮರಾಠಿಯಲ್ಲಿಯೇ ಅಕ್ಷರ ಕಲಿಯುತ್ತಿದ್ದ ಕಾಲವೊಂದಿತ್ತು. ಆ ಸ್ಥಿತಿಯನ್ನು ಬದಲಿಸಲು ದುಡಿದವರಲ್ಲಿ ಮೊದಲಿಗರು ಡೆಪ್ಯುಟಿ ಚನ್ನಬಸಪ್ಪನವರು (1834–1881). ಅವರ ಹೆಸರಿನ ಹಿಂದಿನ ‘ಡೆಪ್ಯುಟಿ’ ಎಂಬುದು ಮನೆತನದ ಹೆಸರಲ್ಲ. ಸಾಲೆಗಳನ್ನು ತಪಾಸಣೆ ಮಾಡುವ ಡೆಪ್ಯುಟಿ ಇನ್ಸ್‌ಪೆಕ್ಟರರ ಹುದ್ದೆಯೇ ಅವರಿಗೆ ಹೆಸರಾಗಿ ನಿಂತಿತು. ಊರೂರು ತಿರುಗಿ ಕನ್ನಡ ಸಾಲೆ ತೆರೆಯಿಸಿದರು, ಶಿಕ್ಷಕರನ್ನು ತಯಾರು ಮಾಡಿದರು, ಓದಲು ಪುಸ್ತಕವಿಲ್ಲವೆಂದು ತಾವೇ ಬರೆಯಲು ಕುಳಿತರು; ಶೇಕ್ಸ್‌ಪಿಯರನ ಒಂದು ನಾಟಕವನ್ನು 1871ರಲ್ಲಿ ಕನ್ನಡಕ್ಕೆ ತಂದವರೂ ಅವರೇ. ಆ ಭಾಗದಲ್ಲಿ ಕನ್ನಡ ಉಳಿದುದಕ್ಕೆ ಕವಿಗಳೂ ಮುಂದಾಳುಗಳೂ ಕಾರಣರು ನಿಜ, ಆದರೆ ಅವರೆಲ್ಲರಿಗಿಂತ ಮೊದಲು ಕನ್ನಡ ಬಲ್ಲ ಒಬ್ಬ ತನಿಖಾಧಿಕಾರಿ ಕಾರಣ. ನಮ್ಮ ಜತ್ತ ಆಗ ಡಫಳೆಯವರ ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ನೆರೆಯ ವಿಜಾಪುರ ಜಿಲ್ಲೆ ಮೈಸೂರಿಗೆ ಸೇರಿತು, ನಾವು ಇತ್ತ ಉಳಿದೆವು. ನಮ್ಮ ಪಾಲಿಗೆ ಅಂಥ ಡೆಪ್ಯುಟಿ ಇನ್ನೂ ಬಂದಿಲ್ಲ.

ಕಾಯಿದೆಯೇನೋ ನಮ್ಮ ಕಡೆಗೇ ಇದೆ. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಕೂಡಿ, ಒಂದು ಸಾಲೆಯಲ್ಲಿ 40 ಅಥವಾ ಒಂದು ಇಯತ್ತೆಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕನನ್ನಾದರೂ ಕೊಡಬೇಕೆಂದು ಒಪ್ಪಿದರು. 1956ರಲ್ಲಿ ಸಂವಿಧಾನಕ್ಕೆ 350ಎ ಎಂಬ ಅನುಚ್ಛೇದ ಸೇರಿತು. ಅದರಲ್ಲಿ ‘ರಾಜ್ಯ’ ಎಂಬ ಮಾತಿನೊಡನೆ ‘ಸ್ಥಳೀಯ ಅಧಿಕಾರ ಸಂಸ್ಥೆ’ ಎಂಬ ಮಾತೂ ಇದೆ, ವಾಚಕರು ಇದನ್ನು ಗಮನಿಸಬೇಕು. ಅಂದರೆ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸುವ ಹೊಣೆ ಮುಂಬಯಿಯ ಮಂತ್ರಿಗಳದಷ್ಟೇ ಅಲ್ಲ, ಸಾಂಗಲಿಯ ಜಿಲ್ಲಾ ಪರಿಷತ್ತಿನದೂ ಹೌದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಮಗುವಿನ ಮಾತೃಭಾಷೆಯಲ್ಲಿಯೇ ಕಲಿಸಬೇಕೆಂದು ಹೇಳುತ್ತದೆ. ‘ಸಾಧ್ಯವಿದ್ದಷ್ಟು ಮಟ್ಟಿಗೆ’ ಎಂಬ ಒಂದು ಬಾಲವನ್ನು ಅದಕ್ಕೆ ಅಂಟಿಸಿದ್ದಾರೆ. ಕಚೇರಿಯವರು ಹಿಡಿದುಕೊಳ್ಳುವುದು ಆ ಬಾಲವನ್ನೇ! ಕನ್ನಡವೇ ಮನೆಮಾತಾದ ಊರಿನಲ್ಲಿ ಕನ್ನಡ ಶಿಕ್ಷಕನನ್ನು ಕೊಡುವುದು ಸಾಧ್ಯವಾಗದ ಕೆಲಸವೆಂದು ಯಾರು ಒಪ್ಪುವರು?

ಮರಾಠಿಯ ಮೇಲೆ ನಮಗೆ ಹಗೆಯಿಲ್ಲ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಎರಡೂ ಭಾಷೆಯವರು ಕೂಡಿಯೇ ನಡೆಯುತ್ತಾರೆ. ಉಮದಿಯ ಭಾವುಸಾಹೇಬ ಮಹಾರಾಜರ ಪರಂಪರೆಯ ಗುರುದೇವ ರಾನಡೆಯವರು ಮರಾಠಿ ಸಂತರನ್ನೂ ಕನ್ನಡ ಶರಣ-ದಾಸರನ್ನೂ ಕುರಿತು ಬರೆದವರು. 2020ರ ಕಾಯಿದೆಯಂತೆ ಮರಾಠಿಯನ್ನು ಎಲ್ಲ ಸಾಲೆಗಳಲ್ಲಿಯೂ ಕಲಿಸಬೇಕಾಗಿದೆ; ಕಲಿಸಲಿ, ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯಲಿ. ಈ ರಾಜ್ಯದಲ್ಲಿ ಕಚೇರಿ, ಬ್ಯಾಂಕು, ನೌಕರಿಗಳಿಗೆ ಅದು ಬೇಕು. ಆದರೆ ಗಣಿತವನ್ನೂ ಪರಿಸರ ಪಾಠವನ್ನೂ ಮೊದಲು ತಿಳಿದ ಮಾತಿನಲ್ಲಿ ಕಲಿತ ಮಗುವೇ ಎರಡನೆಯ ಮಾತನ್ನು ಬೇಗ ಹಿಡಿಯುತ್ತದೆ. ಇದೇ ನ್ಯಾಯವನ್ನು ಬೆಳಗಾವಿ, ಖಾನಾಪುರಗಳ ಮರಾಠಿ ಸಾಲೆಗಳ ವಿಷಯದಲ್ಲಿ ಕರ್ನಾಟಕ ಸರಕಾರವೂ ಪಾಲಿಸಬೇಕು. ಅಲ್ಲಿನ ಮರಾಠಿ ಮಗುವಿಗೆ ಬೇಡವೆಂದು ಇಲ್ಲಿನ ಕನ್ನಡ ಮಗುವಿಗೆ ಮಾತ್ರ ಬೇಕೆನ್ನಲು ನಮಗೆ ಮುಖವಿಲ್ಲ.

ಇನ್ನು ನಮ್ಮ ತಪ್ಪುಗಳ ಲೆಕ್ಕ. ವೇದಿಕೆಯ ಮೇಲೆ ಕನ್ನಡದ ಜಯಘೋಷ ಮಾಡಿ, ತಮ್ಮ ಮಕ್ಕಳನ್ನು ಮಾತ್ರ ಇಂಗ್ಲಿಷ್ ಸಾಲೆಯ ಬಸ್ಸು ಹತ್ತಿಸುವ ಮುಂದಾಳುಗಳು ನಮ್ಮಲ್ಲಿಲ್ಲವೇ? ಕಬ್ಬು ಕಡಿಯಲು ಹೋಗುವವರ ಮಕ್ಕಳು ತಿಂಗಳುಗಟ್ಟಲೆ ಸಾಲೆ ಬಿಟ್ಟಾಗ ಊರಿನಲ್ಲಿ ಉಳಿದವರು ಅವರ ಸಲುವಾಗಿ ಏನು ಮಾಡಿದೆವು? ಪಾಠ ಮಾಡದ ಮಾಸ್ತರರನ್ನು ‘ನಮ್ಮವರು, ಇರಲಿ’ ಎಂದು ಕಾಪಾಡಿದ್ದೂ ಉಂಟು. ಕನ್ನಡದವರಾದರೂ ಕಲಿಸದವರು ಮಗುವಿಗೆ ಪರಕೀಯರೇ.

ಗಡಿಯ ಮೊಕದ್ದಮೆಯನ್ನು ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದು 2004ರಲ್ಲಿ. ಆ ವರ್ಷ ಒಂದನೆಯ ಇಯತ್ತೆಗೆ ಹೋದ ಮಗು ಇಂದು ತಾನೇ ತಂದೆತಾಯಿಯಾಗುವ ವಯಸ್ಸಿಗೆ ಬಂದಿದೆ. ತೀರ್ಪು ಬರುವವರೆಗೆ ಸಾಲೆಯ ಕೆಲಸವನ್ನು ಕಾಯಿಸುವುದು ಆಗದು. ಅದಕ್ಕೆ ಇಂದೇ ತೊಡಗಬೇಕು.

ಶಿಕ್ಷಣ ಹಕ್ಕಿನ ಕಾಯಿದೆಯಂತೆ ಪ್ರತಿ ಸಾಲೆಗೆ ವ್ಯವಸ್ಥಾಪನ ಸಮಿತಿಯಿದೆ. ಅದರ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರು, ಅರ್ಧದಷ್ಟು ಹೆಣ್ಣುಮಕ್ಕಳು. ಸಹಿಗಾಗಿ ಮನೆಗೆ ಬಂದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಕಳಿಸುವ ರೂಢಿಯನ್ನು ಬಿಟ್ಟು ಈ ಸಲ ಸಭೆಗೆ ಹೋಗಿರಿ. ಕನ್ನಡ ಸಾಲೆಗಳ ತನಿಖೆಗೆ ಕನ್ನಡ ಓದು-ಬರಹ ಬಲ್ಲ ಕೇಂದ್ರಪ್ರಮುಖರನ್ನೂ ವಿಸ್ತಾರ ಅಧಿಕಾರಿಯನ್ನೂ ಕೊಡಬೇಕು, ಕನ್ನಡ ಮಾಧ್ಯಮದಲ್ಲಿ ತರಬೇತಿ ಹೊಂದಿದವರನ್ನೇ ಶಿಕ್ಷಕರನ್ನಾಗಿ ನೇಮಿಸಬೇಕು, ಮರಾಠಿಯಲ್ಲಿ ಬರುವ ತರಬೇತಿಯ ಹೊತ್ತಿಗೆಗಳೂ ಸುತ್ತೋಲೆಗಳೂ ಕನ್ನಡದಲ್ಲಿ ಸಿಗಬೇಕು ಎಂದು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿಸಿರಿ. ಠರಾವಿನ ಒಂದು ಪ್ರತಿ ಜತ್ತದ ಗಟಶಿಕ್ಷಣಾಧಿಕಾರಿಗಳಿಗೆ, ಒಂದು ಸಾಂಗಲಿಯ ಶಿಕ್ಷಣಾಧಿಕಾರಿಗಳಿಗೆ, ಒಂದು 350ಬಿ ಅನುಚ್ಛೇದದಂತೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಹೋಗಲಿ. ಪೋಚ್ ಪಾವತಿಯನ್ನು ಜೋಪಾನವಾಗಿಡಿರಿ. ಅಂದು ಸಂಜೆ ಮನೆಗೆ ಬಂದ ಮೇಲೆ ಮಗುವಿನ ಪುಸ್ತಕವನ್ನು ನಡುವೆ ಎಲ್ಲಿಯಾದರೂ ತೆರೆದು, ಒಂದು ಶಬ್ದಕ್ಕೆ ಬೆರಳಿಟ್ಟು ‘ಇದೇನವ್ವಾ?’ ಎಂದು ಕೇಳಿ ನೋಡಿರಿ.